ಬಾಟಲಿಯ ತಳದ ತ್ರಿಕೋನ

ಬೆಳಿಗ್ಗೆ ಖಾಲಿಯಾದ ಶಾಂಪೂ ಬಾಟಲಿ ತೊಳೆಯುವಾಗ ತಳದಲ್ಲಿ ಬೆರಳಿಗೆ ಏನೋ ತಾಗಿತು. ತಿರುಗಿಸಿ ನೋಡಿದೆ. ಬಾಣಗಳ ಪುಟ್ಟ ತ್ರಿಕೋನ, ಒಳಗೆ 7. ಇಷ್ಟು ವರ್ಷ ಆ ಬಾಣ ಕಂಡರೆ ಸಾಕು, ಇದು ಮರುಬಳಕೆಗೆ ಹೋಗುತ್ತದೆ ಅಂತ ನೆಮ್ಮದಿಯಿಂದ ಕೊಳ್ಳುತ್ತಿದ್ದೆ.

ಅದರ ಅರ್ಥ ಅದಲ್ಲ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮವೇ ತಂದ ಗುರುತು ಅದು. ಒಳಗಿನ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಬಗೆಯದು ಅಂತ ಮಾತ್ರ. 1 ಅಂದರೆ ಪೆಟ್ (PET), ನೀರಿನ ಬಾಟಲಿಗಳಿಗೆ ಬಳಸುವ ಪ್ಲಾಸ್ಟಿಕ್. 7 ಅಂದರೆ 'ಇತರೆ', ಮೊದಲ ಆರರಲ್ಲಿ ಸೇರದ್ದೆಲ್ಲ ಅದರಲ್ಲಿ. ಅದನ್ನು ಮರುಬಳಕೆ ಮಾಡುವುದು ಬಹಳ ಕಷ್ಟ. 2013ರಲ್ಲಿ ಮಾನದಂಡ ಬದಲಾಯಿಸಿ, ಬಾಣ ತೆಗೆದು ಬರೀ ತ್ರಿಕೋನ ಇಟ್ಟರು. ಆದರೂ ಬಾಣದ ಗುರುತು ಇನ್ನೂ ಎಷ್ಟೋ ಡಬ್ಬಿಗಳ ಮೇಲೆ ಇದೆ.

ಕೊಳ್ಳುವವರ ಕೈಯಲ್ಲೇ ಶಕ್ತಿ ಇದೆ ಅಂತ ಎಲ್ಲರೂ ಹೇಳುತ್ತಾರೆ. ನಾನೂ ನಂಬುತ್ತೇನೆ. ಆದರೆ ಗೊತ್ತಿಲ್ಲದೆ ಆರಿಸಿದ್ದು ಆಯ್ಕೆ ಹೇಗಾಗುತ್ತದೆ? 1962ರಲ್ಲೇ ಅಮೆರಿಕದ ಅಧ್ಯಕ್ಷ ಕೆನಡಿ ಹೇಳಿದ ಗ್ರಾಹಕರ ನಾಲ್ಕು ಹಕ್ಕುಗಳಲ್ಲಿ ಮಾಹಿತಿಯ ಹಕ್ಕೂ ಒಂದು. ಜವಾಬ್ದಾರಿ ನನ್ನದೂ ಹೌದು, ಒಪ್ಪುತ್ತೇನೆ. ಆದರೆ ಸರಿಯಾದ ಮಾಹಿತಿ ಮೊದಲು ಕೈಗೆ ಬರಬೇಕು, ಅಲ್ವಾ? ಪ್ರತಿ ಬಾಟಲಿಯ ತಳ ಓದಲು ಕನ್ನಡಕ ಹುಡುಕಬೇಕಾದರೆ ಅದು ಮಾಹಿತಿ ಅಲ್ಲ.

ಕಂಪನಿಗೆ ಇಮೇಲ್ ಬರೆದಿದ್ದೇನೆ. ಈ ಬಾಟಲಿ ವಾಪಸ್ ತಗೊಳ್ಳುತ್ತೀರಾ, ರೀಫಿಲ್ ಸಿಗುತ್ತಾ, ಎರಡೇ ಪ್ರಶ್ನೆ. ಉತ್ತರ ಬರುವವರೆಗೆ ಬಾಟಲಿ ಕಿಟಕಿಯ ಬಳಿಯೇ ಇರುತ್ತದೆ.