ಬ್ಯಾಚ್ ಮುಂದೆ ಹೋಯ್ತು, ತಮ್ಮ ಆಸ್ಪತ್ರೆಯಲ್ಲಿದ್ದಾನೆ

ಭಾನುವಾರ, 16 ನವೆಂಬರ್ 2025
ಬೆಂಗಳೂರು

ತಮ್ಮನನ್ನು ನೋಡಿಕೊಂಡು ಈಗಷ್ಟೇ ಬಂದೆ. ಅಗ್ನಿವೀರನಾಗಿ ತರಬೇತಿಗೆ ಸೇರಿ ಎರಡು ತಿಂಗಳು ತುಂಬುವ ಮೊದಲೇ ಬಲಗಾಲಿನ ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಟ್ಟಿದೆ. ಬಿದ್ದಿದ್ದಲ್ಲ, ಏಟು ತಿಂದಿದ್ದೂ ಅಲ್ಲ. ಓಡಿ ಓಡಿಯೇ ಆಗಿದ್ದು. ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಈಗ ಮಿಲಿಟರಿ ಆಸ್ಪತ್ರೆಯ ವಾರ್ಡಿನಲ್ಲಿದ್ದಾನೆ.

ಗೇಟಿನಲ್ಲಿ ಆಧಾರ್ ತೋರಿಸಿ, ಮೊಬೈಲ್ ಅಲ್ಲೇ ಕೊಟ್ಟು ಒಳಗೆ ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ. ತಲೆ ನುಣ್ಣಗೆ, ಮುಖ ಇಳಿದಿತ್ತು. ಊರುಗೋಲು ಎರಡನ್ನೂ ಪಕ್ಕದಲ್ಲಿ ಒಂದಕ್ಕೊಂದು ಸರಿಯಾಗಿ ಜೋಡಿಸಿ ಇಟ್ಟಿದ್ದ. ಹೊದಿಕೆಯನ್ನೂ ಈಗ ಮೂಲೆಗೆ ಮೂಲೆ ಕೂಡಿಸಿ ಮಡಚುತ್ತಾನಂತೆ. ಮನೆಯಲ್ಲಿದ್ದಾಗ ಅದು ಅವ್ವನ ಕೆಲಸವಾಗಿತ್ತು.

ಎಲ್ಲಿ ನೋವು ಅಂತ ಕೇಳಿದೆ. ಪ್ಯಾಂಟ್ ಮೇಲೆ ಸರಿಸಿ, ಮೂಳೆಯ ಒಳಬದಿಗೆ ಒಂದೇ ಬೆರಳಿಟ್ಟು ತೋರಿಸಿದ. "ಇಲ್ಲೇ ನೋಡಕ್ಕ. ಇಷ್ಟ ಜಾಗ. ಒತ್ತಿದ್ರ ಜೀವ ಹೋದಂಗ ಆಗತೈತಿ." ನೋಡೋಕೆ ಅಲ್ಲಿ ಏನೂ ಇಲ್ಲ. ಗಾಯ ಇಲ್ಲ, ಕಲೆ ಇಲ್ಲ, ಊತವೂ ಅಷ್ಟಾಗಿ ಇಲ್ಲ.

ಆ ಒಂದು ಬೆರಳಿನ ಜಾಗವೇ ಮುಖ್ಯ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಹೊಸದಾಗಿ ಓಡೋಕೆ ಶುರು ಮಾಡಿದವರಿಗೆ ಕಾಲಿನ ಮುಂಭಾಗ ಉದ್ದಕ್ಕೂ ನೋಯುವುದು ಮಾಮೂಲಿ. ಆದರೆ ನೋವು ಒಂದೇ ಕಡೆ ನಿಂತುಬಿಟ್ಟರೆ, ರಾತ್ರಿ ಮಲಗಿದಾಗಲೂ ಬಿಡದಿದ್ದರೆ, ಸುಮ್ನೆ ಇರಬಾರದು. ಕಾಲಿಗೆ ಹೊಸ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ತುಂಬುತ್ತದೆ. ಕೆರೆಯುವುದು ಬೇಗ ಆಗುತ್ತದೆ, ತುಂಬುವುದಕ್ಕೆ ವಾರಗಟ್ಟಲೆ ಬೇಕು. ಆ ನಡುವೆ ಮೂಳೆ ಮೊದಲಿಗಿಂತ ಬಡವಾಗಿರುತ್ತದೆ. ಓಟ, ಡ್ರಿಲ್, ಬೂಟಿನ ಹೊಡೆತ ಜೋರಾಗುವುದೂ ಅದೇ ವಾರಗಳಲ್ಲಿ.

ನಮ್ಮ ಬ್ಯಾಡಗಿ ಕಡೆ ಬೆಳಗಿನ ಜಾವ ರಸ್ತೆ ಬದಿ ಓಡುವ ಹುಡುಗರನ್ನು ಯಾರು ನೋಡಿಲ್ಲ? ಎಲ್ಲರ ಕಣ್ಣೂ ಸೈನ್ಯದ ಭರ್ತಿ ರ‍್ಯಾಲಿಯ ಮೇಲೆ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ ಅಂಕ. ನಮ್ಮವನೂ ಅದಕ್ಕೇ ತಯಾರಾಗಿದ್ದ, ಗೆದ್ದೂ ಬಂದ. ಆದರೆ ಒಂದು ಸಲ ಜೋರಾಗಿ ಓಡಿ ಮುಗಿಸುವುದು ಬೇರೆ, ಬೆಳಗಿನಿಂದ ಸಂಜೆವರೆಗೆ ಬೂಟು ಹಾಕಿಕೊಂಡು ಕಾಲ ಮೇಲೇ ಇರುವುದು ಬೇರೆ. ಆ ಎರಡನೆಯದಕ್ಕೆ ಊರಲ್ಲಿ ಯಾರೂ ತಯಾರು ಮಾಡಿಸುವುದಿಲ್ಲ. ಮಾಡಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತಿದೆ.

ಇದೇನು ಇಂದಿನ ಹುಡುಗರ ಸಮಸ್ಯೆ ಅಲ್ಲ. 1855ರಲ್ಲೇ ಪ್ರಷ್ಯಾ ಅನ್ನೋ ಹಳೆಯ ಜರ್ಮನ್ ರಾಜ್ಯದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್, ದೂರ ದೂರ ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ಬರೆದಿಟ್ಟಿದ್ದ. ಆಗಿನ್ನೂ ಎಕ್ಸ್-ರೇ ಇರಲಿಲ್ಲ. ಅದು ಬಂದಿದ್ದು 1895ರಲ್ಲಿ. ಒಳಗೆ ಮೂಳೆ ಬಿರುಕು ಬಿಟ್ಟಿರುತ್ತದೆ ಅಂತ ಗೊತ್ತಾಗಿದ್ದು ಅದಾದ ಮೇಲೆ. ಈಗಲೂ ಶುರುವಿನ ಎರಡು ಮೂರು ವಾರ ಎಕ್ಸ್-ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ತಮ್ಮನ ಮೊದಲ ಎಕ್ಸ್-ರೇಯಲ್ಲೂ ಏನೂ ಇರಲಿಲ್ಲ. ಅಷ್ಟಕ್ಕೇ ಬ್ಯಾರಕ್ಕಿನ ಕೆಲವು ಹುಡುಗರು ಇವನದ್ದು ನಾಟಕ ಅಂದರು. ಎಂಆರ್‌ಐ ಆದ ಮೇಲೆ ಬಾಯಿ ಮುಚ್ಚಿದರು. ಕಾಲಿನ ನೋವಿಗಿಂತ ಆ ಮಾತೇ ಅವನಿಗೆ ಜಾಸ್ತಿ ತಾಗಿದೆ. ಇವತ್ತು ಹೇಳುವಾಗಲೂ ಗಂಟಲು ಕಟ್ಟಿತ್ತು.

ಇನ್ನೊಂದು ಗೊತ್ತಾಯ್ತು. ವಾರಕ್ಕಿಂತ ಜಾಸ್ತಿ ದಿನ ಅವನು ನೋವನ್ನು ಮುಚ್ಚಿಟ್ಟಿದ್ದ. ಸಿಕ್ ರಿಪೋರ್ಟ್ ಮಾಡಿದರೆ ತರಬೇತಿ ತಪ್ಪುತ್ತದೆ. ಜಾಸ್ತಿ ದಿನ ತಪ್ಪಿದರೆ ರೆಲಿಗೇಟ್, ಅಂದರೆ ತನಗಿಂತ ಆಮೇಲೆ ಸೇರಿದ ಬ್ಯಾಚಿನವರ ಜೊತೆ ಮತ್ತೆ ಮಾಡಬೇಕು. ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ, ನೋವಿನ ಮಾತ್ರೆ ನುಂಗಿ ಓಡುತ್ತಾರೆ. ಮಾತ್ರೆ ನೋವನ್ನು ಅಡಗಿಸುತ್ತದೆ, ಬಿರುಕು ಬೆಳೆಯುತ್ತಾ ಹೋಗುತ್ತದೆ. ಕೊನೆಗೆ ಅವನು ಹೆದರಿದ್ದೇ ಆಯ್ತು. "ಅಕ್ಕಾ, ನಮ್ಮ ಹುಡುಗ್ರೆಲ್ಲ ಕಸಮ್ ಪರೇಡ್ ಮಾಡೂ ಹೊತ್ತಿಗೆ ನಾ ಇನ್ನಾ ಹೊಸಬರ ಸಾಲ್ನ್ಯಾಗ ಇರ್ತೀನಿ" ಅಂದ. ತರಬೇತಿ ಮುಗಿದಾಗ ಪ್ರಮಾಣ ಮಾಡುವ ಪರೇಡ್ ಅದು.

ಅವನ ಹೆದರಿಕೆಯನ್ನು ಸಣ್ಣದು ಅಂತ ನಾನು ಹೇಳಲಾರೆ. ಅಗ್ನಿವೀರರನ್ನು ಸೇರಿಸಿಕೊಳ್ಳುವ, 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಅದಾದ ಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನ ಕಾಯಂ ಆಗುತ್ತಾರೆ. ಹತ್ತೊಂಬತ್ತರ ಹುಡುಗ ಹಗಲು ರಾತ್ರಿ ಮಲಗಿಕೊಂಡು ಇದನ್ನೇ ಲೆಕ್ಕ ಹಾಕುತ್ತಿರುತ್ತಾನೆ.

ಅದರ ಮೇಲೆ ನಮ್ಮ ಕಡೆಯಿಂದ ಹೋಗುವ ಫೋನುಗಳು. ಅವನು ಹೊರಟಾಗ ಊರ ಅಗಸಿಯಲ್ಲಿ ದೊಡ್ಡ ಫ್ಲೆಕ್ಸ್ ಹಾಕಿದ್ದರು. ಈಗ ದೊಡ್ಡಪ್ಪ, ಮಾವ, ಗೆಳೆಯರು ಎಲ್ಲರೂ ಕೇಳುವುದು ಒಂದೇ ಮಾತು: "ಮತ್ತ ಯಾವಾಗ ಓಡತಿ?" ಅಪ್ಪನದ್ದು ಇನ್ನೊಂದು: "ಬಿಟ್ಟು ಬಾ, ಹೊಲ ಐತಿ." ಪ್ರೀತಿಯಿಂದಲೇ ಅನ್ನುತ್ತಾರೆ, ಗೊತ್ತು. ಆದರೆ ಮೊದಲನೆಯ ಮಾತಿಗೆ ಅವನ ಹತ್ತಿರ ಉತ್ತರ ಇಲ್ಲ. ಎರಡನೆಯದು ಕೇಳಿದರೆ ನೀನು ಸೋತೆ ಅಂದ ಹಾಗೆ ಕೇಳಿಸುತ್ತದೆ. ಇವತ್ತಿನಿಂದ ಮನೆಯಲ್ಲಿ ಎರಡನ್ನೂ ಬಂದ್ ಮಾಡಿಸುತ್ತೇನೆ.

ಡಾಕ್ಟರ್ ಹೇಳಿದ್ದು ಸಮಾಧಾನ ತಂದಿದೆ. ಬಿರುಕು ಇರುವ ಜಾಗ ಒಳ್ಳೆಯದು, ವಿಶ್ರಾಂತಿಯಿಂದಲೇ ಕೂಡಿಕೊಳ್ಳುತ್ತದೆ. ತೊಡೆಮೂಳೆಯ ಮೇಲ್ತುದಿಯಲ್ಲಿ, ಸೊಂಟದ ಹತ್ತಿರ ಆಗಿದ್ದರೆ ಆಪರೇಷನ್ ಮಾತು ಬರುತ್ತಿತ್ತು. ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕಂತೆ. ಮೊದಲು ನಡಿಗೆ, ಆಮೇಲೆ ಸೈಕಲ್, ಆಮೇಲೆ ನಿಧಾನ ಓಟ. ಎಲ್ಲಿ ನೋವು ಬರುತ್ತದೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ. ವಿಟಮಿನ್ ಡಿ ಕಡಿಮೆ ಇತ್ತು, ಮಾತ್ರೆ ಕೊಟ್ಟಿದ್ದಾರೆ. ಅವ್ವ ಕಳಿಸಿದ ಎಳ್ಳುಂಡೆ ಕೊಡಬಹುದಾ ಅಂತ ಕೇಳಿದೆ, ಧಾರಾಳವಾಗಿ ಕೊಡಿ ಅಂದರು. ಡಬ್ಬಿ ಬಿಚ್ಚಿದ್ದೇ ತಡ, ಪಕ್ಕದ ಹಾಸಿಗೆಯ ಒಡಿಶಾದ ಹುಡುಗನಿಗೆ ಅರ್ಧ ಕೊಟ್ಟ. ಆ ಹುಡುಗನಿಗೂ ಇದೇ ಕಥೆ, ಪಾದದ ಮೂಳೆ. ಇಬ್ಬರೂ ಕೂತು ರೈಫಲ್ ಬಿಚ್ಚಿ ಜೋಡಿಸುವ ಕ್ರಮವನ್ನು ಹಿಂದಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಒಬ್ಬ ತಪ್ಪಿದರೆ ಇನ್ನೊಬ್ಬ ತರಬೇತಿ ಕೊಡುವ ಉಸ್ತಾದರ ದನಿ ತೆಗೆದು ಗದರುತ್ತಾನೆ. ಅದನ್ನು ಮಾಡಿ ತೋರಿಸುವಾಗ ತಮ್ಮ ನಕ್ಕ. ನನಗೆ ಜೀವ ಬಂದಂತಾಯ್ತು.

ಹೊರಡುವ ಹೊತ್ತಿಗೆ ಮೆಣಸಿನ ಗಿಡದ ಸುದ್ದಿ ತೆಗೆದ. ಎಲೆ ಮುದುಡುವ ಮುಟುರು ರೋಗ ಬಂದಿದೆಯಾ, ಎಷ್ಟು ಸಾಲಿಗೆ, ಅಪ್ಪ ಏನು ಹೊಡೆದರು ಅಂತ ಒಂದೇ ಸಮ ಕೇಳಿದ. ನನಗೆ ಅರ್ಧವೂ ಗೊತ್ತಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಮುಂದಿನ ವಾರ ಹಾವೇರಿಯಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತುತ್ತಾರೆ. "ಅಪ್ಪಾ, ಹೊಲದ ಸುದ್ದಿ ಎಷ್ಟ ಬೇಕಾದ್ರೂ ಹೇಳು. ಬಿಟ್ಟು ಬಾ ಅಂತ ಮಾತ್ರ ಅನಬ್ಯಾಡ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಅನ್ನಂಗಿಲ್ಲ. ಅವಂಗ ಏನ ತರ್ಲಿ?" ಅಂದರು. ಒಂದು ದಪ್ಪ ನೋಟ್‌ಬುಕ್ಕು, ಎರಡು ಪೆನ್ನು, ಮತ್ತೆ ಎಳ್ಳುಂಡೆ. ಈ ಸಲ ಇಬ್ಬರಿಗೆ ಆಗುವಷ್ಟು.