ವರ್ಷಗಟ್ಟಲೆ ನಿಂತ ಕಾರಿಗೆ ಕೀ ಹಾಕುವ ಮೊದಲು

ಚಿಕ್ಕಪ್ಪನ ಕಾರು ವರ್ಷಗಟ್ಟಲೆ ಶೆಡ್‌ನಲ್ಲೇ ನಿಂತಿತ್ತು. ಮೊಣಕಾಲಿನ ಆಪರೇಷನ್ ಆದಮೇಲೆ ಅವರಿಗೆ ಕ್ಲಚ್ ಒತ್ತುವುದು ಕಷ್ಟವಾಯಿತು, ಮನೆಯಲ್ಲಿ ಬೇರೆ ಯಾರಿಗೂ ಓಡಿಸಲು ಬರುತ್ತಿರಲಿಲ್ಲ, ಹಾಗೇ ಮೇಲೊಂದು ಕವರ್ ಹೊದಿಸಿ ಬಿಟ್ಟಿದ್ದರು. ಮಾರಿಬಿಡಿ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಚಿಕ್ಕಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅವರ ಮಗಳು ಡ್ರೈವಿಂಗ್ ಕಲಿತಿದ್ದಾಳೆ. "ಅಕ್ಕಾ, ನಾನು ಓಡಿಸಿದ್ರೆ ಅಪ್ಪನ ಕಾರೇ ಓಡಿಸೋದು" ಅಂತ ಪಟ್ಟು ಹಿಡಿದಳು. ಗಾಡಿ ಬಿಚ್ಚಿ ಜೋಡಿಸುವುದೆಂದರೆ ನನಗೆ ಮೊದಲಿಂದಲೂ ಪ್ರೀತಿ, ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಮೆಕ್ಯಾನಿಕ್ ಆಗಿರುವ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋದೆ.

ಚಿಕ್ಕ ಪೆಟ್ರೋಲ್ ಗಾಡಿ. ನಾಲ್ಕು ಸಿಲಿಂಡರ್, ಕೈಯಲ್ಲಿ ಹಾಕುವ ಗೇರ್. ಕವರ್ ತೆಗೆದಾಗ ಬಣ್ಣ ಇನ್ನೂ ಹೊಳೆಯುತ್ತಿತ್ತು. ಇದೇ ನೋಡಿ ಮೋಸ. ಹೊರಗಿನಿಂದ ಇಷ್ಟು ಚೆನ್ನಾಗಿದ್ದರೆ ಎಲ್ಲರಿಗೂ ಅನಿಸುವುದು ಒಂದೇ: ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದು ನೋಡೋಣ, ಸ್ಟಾರ್ಟ್ ಆದರೆ ಆಯಿತು. ಶೆಡ್ ಬಾಗಿಲಲ್ಲಿ ನಿಂತಿದ್ದವರೆಲ್ಲ ಅದನ್ನೇ ಹೇಳಿದರು. ಗೆಳೆಯ ತಂಗಿಯ ಕೈಯಿಂದ ಕೀ ಇಸ್ಕೊಂಡು ಜೇಬಿಗೆ ಹಾಕಿಕೊಂಡ. "ಇವತ್ತು ಇದರ ಕೆಲಸ ಇಲ್ಲ" ಅಂದ.

ಅವನ ಮಾತಿನಲ್ಲಿ ನನಗೆ ಪೂರ್ತಿ ನಂಬಿಕೆ ಇತ್ತು. ನಿಂತ ಕಾರು ನಿಲ್ಲಿಸಿದಾಗ ಹೇಗಿತ್ತೋ ಹಾಗೇ ಇರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರುವುದಿಲ್ಲ. ಆಯಿಲ್ ಸಿಲಿಂಡರ್ ಗೋಡೆ ಬಿಟ್ಟು ಕೆಳಗಿಳಿದಿರುತ್ತದೆ, ಪೆಟ್ರೋಲ್ ಕೆಟ್ಟಿರುತ್ತದೆ, ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ, ಬ್ರೇಕ್ ಹಿಡಿದುಕೊಂಡಿರುತ್ತದೆ. ಅಂಥ ಎಂಜಿನ್ನಿಗೆ ಒಂದೇ ಸಲ ಸೆಲ್ಫ್ ಹೊಡೆದರೆ, ನಿಂತಿದ್ದರಿಂದ ಆಗದೆ ಇದ್ದ ಹಾಳು ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಆಗಿಹೋಗಬಹುದು.

ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆವು. ಅಂದುಕೊಂಡ ಹಾಗೇ ಇಲಿ ಗೂಡು. ಸೀಟಿನ ಫೋಮ್ ಕಿತ್ತು ತಂದು, ಒಣಗಿದ ಎಲೆ, ನೂಲು, ಕಾಗದದ ಚೂರು ಎಲ್ಲ ಸೇರಿಸಿ ಡಬ್ಬಿಯ ಮೂಲೆಯಲ್ಲಿ ದುಂಡಗೆ ಒತ್ತಿ ಇಟ್ಟಿತ್ತು. ಫಿಲ್ಟರಿನ ಒಂದು ಬದಿಯನ್ನು ತಿಂದು ತೂತು ಮಾಡಿತ್ತು. ಎಂಜಿನ್ ಓಡಿದ್ದರೆ ಆ ತೂತಿನಿಂದ ಚೂರುಗಳೆಲ್ಲ ನೇರ ಒಳಗೆ ಹೋಗುತ್ತಿದ್ದವು. ಇಲಿ ಹಿಕ್ಕೆ, ಉಚ್ಚೆಯಿಂದ ಕಾಯಿಲೆ ಹರಡುತ್ತದೆ, ಹಾಗಾಗಿ ಮಾಸ್ಕ್, ಗ್ಲೌಸ್ ಹಾಕಿಕೊಂಡು ಮೊದಲು ಒದ್ದೆ ಮಾಡಿ, ಆಮೇಲೆ ಒರೆಸಿ ತೆಗೆದೆವು. ಗುಡಿಸಿ ಧೂಳೆಬ್ಬಿಸಬಾರದು. ಅಲ್ಲಿಂದ ವೈರಿಂಗ್ ಹಿಡಿದು ಒಂದೊಂದೇ ತಂತಿ ನೋಡುತ್ತಾ ಹೋದಾಗ ಇಂಜೆಕ್ಟರಿಗೆ (ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಹೋಗುವ ವೈರೊಂದರ ಮೇಲಿನ ಪ್ಲಾಸ್ಟಿಕ್ ಪೂರ್ತಿ ಹೋಗಿ ಬರೀ ತಾಮ್ರ ಕಾಣುತ್ತಿತ್ತು. ಗೆಳೆಯ ಅದನ್ನು ಕತ್ತರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಏರಿಸಿದ.

ಇನ್ನು ಎಂಜಿನ್. ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕಿ ಸಾಲಾಗಿ ಇಟ್ಟೆವು. ಪ್ಲಗ್ ಇದ್ದ ರಂಧ್ರದಲ್ಲಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಬಿಟ್ಟೆವು. ಪಿಸ್ಟನ್ ರಿಂಗ್ ಅಂದರೆ ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ನಿನ ಸುತ್ತ ಇರುವ ತೆಳುವಾದ ಬಳೆ, ಸಿಲಿಂಡರ್ ಗೋಡೆಗೆ ಒತ್ತಿಕೊಂಡೇ ಇರುತ್ತದೆ. ನಡುವೆ ಆಯಿಲ್ ಪದರ ಹೋಗಿ ತೇವ ಸೇರಿದರೆ ಅಲ್ಲೇ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಸ್ಟಾರ್ಟರ್ ಮೋಟರಿಗೆ ತಾಕತ್ತು ಜಾಸ್ತಿ, ಆದರೆ ಸಿಕ್ಕಿಕೊಂಡದ್ದು ಅದಕ್ಕೆ ತಿಳಿಯುವುದಿಲ್ಲ. ಕೈಗೆ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಪಾನಾ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಮೆಲ್ಲಗೆ ಎಳೆದೆ. ಮೊದಲು ಅಲುಗಲಿಲ್ಲ. ಜೋರು ಮಾಡಬೇಡ, ಭಾರ ಹಾಕಿ ಸುಮ್ನೆ ಹಿಡಿದುಕೋ ಅಂದ ಗೆಳೆಯ. ಹಾಗೇ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಪಾನಾದ ಹಿಡಿ ಅಂಗೈಯೊಳಗೆ ಕೂದಲೆಳೆಯಷ್ಟು ಸರಿಯಿತು. ಆಮೇಲೆ ಇನ್ನಷ್ಟು. ಕಾಲು ಸುತ್ತು ಬಂದಮೇಲೆ ಪ್ಲಗ್ ರಂಧ್ರಗಳಿಂದ ಗಾಳಿ ಉಸ್ಸೆಂದು ಹೊರಬಂತು, ಪೂರ್ತಿ ಎರಡು ಸುತ್ತು ಯಾವ ಕಡೆಯೂ ತಡೆಯಿಲ್ಲದೆ ತಿರುಗಿತು. ಎರಡು ಸುತ್ತು ಯಾಕೆ ಅಂದರೆ, ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದರೆ ಗಾಳಿ, ಹೊಗೆಯ ದಾರಿ ಕಾಯುವ ವಾಲ್ವ್‌ಗಳೆಲ್ಲ ಒಮ್ಮೆ ತೆರೆದು ಮುಚ್ಚಿದ ಹಾಗೆ. "ಬಿಡ್ತು ಚಿಕ್ಕಪ್ಪಾ!" ಅಂತ ಕೂಗಿದೆ. ಅವರು ಕುರ್ಚಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲೇ ಕೂತಿದ್ದರು.

ಕ್ರ್ಯಾಂಕಿನ ಸುತ್ತಿಗೆ ಸರಿಯಾಗಿ ವಾಲ್ವ್‌ಗಳನ್ನು ಆಡಿಸುವ ಟೈಮಿಂಗ್ ಬೆಲ್ಟಿನ ಮೇಲಿನ ಮುಚ್ಚಳವನ್ನೂ ಬಿಚ್ಚಿದ್ದೆವು. ಕಣ್ಣಿಗೆ ಬಿರುಕು ಕಾಣಲಿಲ್ಲ. ಆದರೆ ಈ ಬೆಲ್ಟಿಗೆ ಕಿಲೋಮೀಟರ್ ಲೆಕ್ಕ ಇರುವ ಹಾಗೆ ವರ್ಷದ ಲೆಕ್ಕವೂ ಇದೆ, ಅದು ಮುಗಿದಿತ್ತು. ಓಡುವಾಗ ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೇ ಬಡಿಯುತ್ತದೆ. ಹೇಗೂ ಬಿಚ್ಚಿದ್ದೇವಲ್ಲ ಅಂತ ಅಲ್ಲೇ ಬದಲಾಯಿಸಿದೆವು.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಬಂದದ್ದು ಪೆಟ್ರೋಲ್ ವಾಸನೆಯೇ ಅಲ್ಲ. ಹಳೇ ವಾರ್ನಿಷ್ ವಾಸನೆ, ಹುಳಿ ಹುಳಿ, ಮೂಗಿಗೆ ಹೊಡೆಯುವಂಥದ್ದು. ಸ್ವಲ್ಪ ತೆಗೆದು ಗಾಜಿನ ಬಾಟಲಿಗೆ ಹಾಕಿ ಹೊಸ ಪೆಟ್ರೋಲಿನ ಪಕ್ಕ ಇಟ್ಟೆವು. ಹೊಸದು ತಿಳಿಯಾಗಿತ್ತು. ಹಳೇದು ಗಾಢ ಕಂದು, ಕೆಳಗಡೆ ಬೇರೆಯದೇ ಒಂದು ಪದರ ನಿಂತಿತ್ತು. ಬೇಗ ಹೊತ್ತಿಕೊಳ್ಳುವ ಹಗುರ ಅಂಶವೆಲ್ಲ ಆವಿಯಾಗಿ ಹೋಗುತ್ತದೆ, ಉಳಿದದ್ದು ಗಾಳಿಯ ಜೊತೆ ಸೇರಿ ಅಂಟಾಗುತ್ತದೆ. ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದ್ದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನೀರು ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ ಅಲ್ವಾ? ಇದರ ಮೇಲೆ ಹೊಸ ಪೆಟ್ರೋಲ್ ಸುರಿದು ಬೆರೆಸಿಬಿಡಿ ಅಂತ ಹೇಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆವು, ಫಿಲ್ಟರ್ ಬದಲಾಯಿಸಿದೆವು, ಪೆಟ್ರೋಲ್ ಹೋಗುವ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿದಾಗ ಸಣ್ಣ ಸಣ್ಣ ಬಿರುಕು ಕಂಡಿದ್ದರಿಂದ ಅದನ್ನೂ ಬಿಸಾಡಿದೆವು. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರುವ ಪೈಪ್ ಅಂದರೆ ಬೆಂಕಿ. ಈ ಒಂದು ವಿಷಯದಲ್ಲಿ ನೋಡೋಣ ಬಿಡು ಅನ್ನುವ ಮಾತೇ ಇರಬಾರದು. ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆ ಸಿಗುವ ಹಾಗೇ ಇಟ್ಟುಕೊಂಡಿದ್ದೆವು.

ಬ್ಯಾಟರಿ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚೆನ್ನಾಗಿರುವ 12 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೀಟರಿನಲ್ಲಿ ಸುಮಾರು 12.6 ತೋರಿಸುತ್ತದೆ. ಇದು 4ರ ಹತ್ತಿರವೂ ಇರಲಿಲ್ಲ. ಅಷ್ಟು ಕೆಳಗಿಳಿದು ಹಾಗೇ ಉಳಿದರೆ ಸೀಸದ ತಟ್ಟೆಗಳ ಮೇಲೆ ಗಟ್ಟಿ ಹರಳು ಕಟ್ಟಿರುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಹೊಸದು ತಂದೆವು.

ಹಿಂದಿನ ಚಕ್ರಗಳು ತಿರುಗುತ್ತಿರಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದೇ ನಿಲ್ಲಿಸಿದ್ದರು, ಅದನ್ನು ಬಿಟ್ಟರೂ ಬ್ರೇಕ್ ಲೈನರ್ ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಅಂಟಿಕೊಂಡಿತ್ತು. ಮುಂದಿನ ಚಕ್ರಕ್ಕೆ ಅಡ್ಡ ಕೊಟ್ಟು, ಜಾಕ್ ಹಾಕಿ, ಕೆಳಗೆ ಸ್ಟ್ಯಾಂಡ್ ಕೂರಿಸಿ (ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಲೇಬಾರದು), ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದಾಗ ಟಕ್ ಅಂತ ಬಿಟ್ಟುಕೊಂಡಿತು. ಬಿಚ್ಚಿ ಸ್ವಚ್ಛ ಮಾಡಿದೆವು. ಒಂದು ವೀಲ್ ಸಿಲಿಂಡರ್ (ಡ್ರಮ್ಮಿನೊಳಗೆ ಲೈನರನ್ನು ಒತ್ತುವ ಭಾಗ) ಸೋರುತ್ತಿತ್ತು, ಅದು ಹೊಸದಾಯಿತು. ಬ್ರೇಕ್ ಆಯಿಲ್ ಕಪ್ಪಾಗಿತ್ತು. ಅದು ವರ್ಷ ಕಳೆದ ಹಾಗೆ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದಾದರೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಆಗುವವರೆಗೂ ಕುದಿಯಬಾರದು, ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಬ್ರೇಕ್ ಬಿಸಿಯಾಗಿ ಅದು ಕುದ್ದರೆ ಪೆಡಲ್ ಒತ್ತಿದಾಗ ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಕೂಲೆಂಟ್ ಎಲ್ಲ ಹೊಸದು ತುಂಬಿಸಿ, ಕಾರನ್ನು ಶೆಡ್ಡಿನಿಂದ ಹೊರಗೆ ತಳ್ಳಿದೆವು. ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯೂ ಇಲ್ಲದೆ ಜೀವ ತೆಗೆಯುತ್ತದೆ. ಆಗ ಗೆಳೆಯ ಕೀ ಹೊರಗೆ ತೆಗೆದ. ಆಗಲೂ ಸ್ಟಾರ್ಟ್ ಮಾಡಲಿಲ್ಲ. ಪ್ಲಗ್ ಹಾಕಿರಲಿಲ್ಲ, ಇಗ್ನಿಷನ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿದ್ದೆವು. ಹಾಗೇ ಸ್ವಲ್ಪ ಸ್ವಲ್ಪ ಹೊತ್ತು, ಮಧ್ಯೆ ಬಿಡುವು ಕೊಟ್ಟು ಸೆಲ್ಫ್ ಹೊಡೆದೆವು, ಮೀಟರ್ ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಆರುವವರೆಗೆ. ದೀಪ ಆರಿತು ಅಂದರೆ ಪಂಪ್ ಆಯಿಲ್ ಎತ್ತಿದೆ, ಬೇರಿಂಗ್‌ಗಳಿಗೆ ಒತ್ತಡ ಸಿಕ್ಕಿದೆ ಅಂತ.

ಪ್ಲಗ್ ಕೂರಿಸಿ, ಫ್ಯೂಸ್ ಹಾಕಿದೆವು. ತಂಗಿಯನ್ನೇ ಸೀಟಿನಲ್ಲಿ ಕೂರಿಸಿದೆವು. ಬರೀ ಕೀ ಆನ್ ಮಾಡಿ ಆಫ್ ಮಾಡು ಅಂತ ಹೇಳಿಕೊಟ್ಟ ಗೆಳೆಯ. ಹಾಗೆ ಮಾಡಿದಾಗ ಪ್ರತಿ ಸಲ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿ ಪೈಪಿಗೆ ಪೆಟ್ರೋಲ್ ತುಂಬುತ್ತದೆ. ಆಮೇಲೆ ಸೆಲ್ಫ್. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಹಿಂದಿನಿಂದ ನೀಲಿ ಹೊಗೆ ದಟ್ಟವಾಗಿ ಬಂತು, ತಂಗಿ ಹೆದರಿ ನನ್ನ ಮುಖ ನೋಡಿದಳು. ನಾವೇ ಸಿಲಿಂಡರಿಗೆ ಬಿಟ್ಟಿದ್ದ ಆಯಿಲ್ ಉರಿಯುತ್ತಿರುವುದು, ಹೋಗುತ್ತೆ ಬಿಡು ಅಂದೆ. ಸ್ವಲ್ಪ ಹೊತ್ತಿಗೆ ಹೋಯಿತು. ಆದರೆ ಎಂಜಿನ್ ನಡುಗುತ್ತಿತ್ತು.

ಕುರ್ಚಿಯಿಂದ ಚಿಕ್ಕಪ್ಪ ಕೈ ಎತ್ತಿದರು. "ಮೂರೇ ಓಡ್ತಿದೆ ಕಣೇ. ಒಂದು ಸಿಲಿಂಡರ್ ಹಿಡೀತಿಲ್ಲ."

ಗೆಳೆಯ ಎಂಜಿನ್ ಆಫ್ ಮಾಡಿಸಿ ಪ್ಲಗ್ ಬಿಚ್ಚಿದರೆ ಮೂರನೇದು ಆಯಿಲಿನಲ್ಲಿ ತೋಯ್ದಿತ್ತು. ಒರೆಸಿ ಸ್ವಚ್ಛ ಮಾಡಿ ಹಾಕಿದ. ಈ ಸಲ ನಡುಕ ಇಲ್ಲ. ಚಿಕ್ಕಪ್ಪ ಕೋಲು ಹಿಡಿದು ಎದ್ದು ಬಂದು ಬಾನೆಟ್ ಪಕ್ಕ ನಿಂತು, ಫ್ಯಾನ್ ತಾನಾಗಿ ಸುತ್ತಲು ಶುರುವಾಗುವವರೆಗೂ ಅಲ್ಲಾಡಲಿಲ್ಲ. ಇಷ್ಟು ವರ್ಷ ಮಾರದೆ ಇಟ್ಟುಕೊಂಡ ಮನುಷ್ಯನಿಗೆ ಆ ಶಬ್ದ ಏನು ಅಂತ ನನಗೆ ಅವತ್ತು ಅರ್ಥವಾಯಿತು, ನನ್ನ ಕಣ್ಣೂ ತುಂಬಿತು.

ರಸ್ತೆಗೆ ಹೋಗುವ ಮೊದಲು ಟಯರ್ ಬದಲಾಯಿಸಬೇಕಿತ್ತು. ಇಲ್ಲಿ ಮನೆಯವರ ಜೊತೆ ಸ್ವಲ್ಪ ವಾದವೇ ಆಯಿತು. ಟಯರಿನ ಗೀರು ಇನ್ನೂ ಆಳವಾಗಿದೆ, ಹೊಸದರ ಹಾಗೇ ಇದೆ, ಯಾಕೆ ದುಡ್ಡು ದಂಡ ಅಂತ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ತಯಾರಾದ ವಾರ, ಆಮೇಲಿನ ಎರಡು ವರ್ಷ. 2314 ಅಂತ ಇದ್ದರೆ 2014ರ 23ನೇ ವಾರ. ಅದನ್ನು ತೋರಿಸಿ, ಬದಿಯ ರಬ್ಬರನ್ನು ಹೆಬ್ಬೆರಳಿಂದ ಒತ್ತಿ ಬಿರುಕು ಬಾಯಿ ಬಿಡುವುದನ್ನೂ ತೋರಿಸಿದ ಮೇಲೆ ಒಪ್ಪಿಕೊಂಡರು. ವಿಮೆ, ಕಾಗದಪತ್ರವೂ ಅಷ್ಟರಲ್ಲಿ ಸರಿಯಾದವು. ಮೊದಲು ಅಂಗಳದಲ್ಲೇ ಒಂದನೇ ಗೇರಿನಲ್ಲಿ ಹೋಗಿ ಬ್ರೇಕ್ ಹಾಕಿ ನೋಡಿದೆವು. ಮುಂದಿನ ಬ್ರೇಕ್ ಡಿಸ್ಕಿನ ತುಕ್ಕು ಕರಕರ ಅಂತ ಉಜ್ಜಿಕೊಂಡು ಹೋಗಿ ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಈಗ ತಂಗಿ ಓಡಿಸುತ್ತಿದ್ದಾಳೆ. ವಾರಕ್ಕೊಮ್ಮೆ ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ ಅಂತ ಅವಳು ಕೇಳಿದಳು, ತುಂಬಾ ಜನ ಹಾಗೆ ಮಾಡುತ್ತಾರೆ. ಬೇಡ ಅಂದೆ. ಅಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ, ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರು ಉಳಿಯುತ್ತದೆ, ಸೆಲ್ಫಿಗೆ ಖರ್ಚಾದ ಚಾರ್ಜೂ ಬ್ಯಾಟರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಅದರ ಬದಲು ಅರ್ಧ ಗಂಟೆ ರಸ್ತೆಯಲ್ಲಿ ಓಡಿಸು. ತಿಂಗಳುಗಟ್ಟಲೆ ಎಲ್ಲಾದರೂ ಹೋಗುವುದಿದ್ದರೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡು, ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಅಡ್ಡ ಕೊಡು ಅಂತ ಹೇಳಿದ್ದೇನೆ. ಇನ್ನೊಂದು ಕೆಲಸ ಬಾಕಿ ಇದೆ. ವಾಟರ್ ಪಂಪಿನ ಕೆಳಗೆ ಸಣ್ಣಗೆ ಕೂಲೆಂಟ್ ಒಸರುತ್ತಿದೆ, ಒಳಗಿನ ಸೀಲ್ ಒಣಗಿರಬೇಕು. ಪಂಪ್ ಬಂದ ಕೂಡಲೇ ಮತ್ತೆ ಹೋಗಿ ಬಿಚ್ಚುತ್ತೇವೆ, ಅಲ್ಲಿವರೆಗೆ ದಿನಾ ಬೆಳಿಗ್ಗೆ ಲೆವೆಲ್ ನೋಡಿಯೇ ಗಾಡಿ ತೆಗೆಯಬೇಕು ಅಂತ ಚಿಕ್ಕಪ್ಪ ಕಟ್ಟುನಿಟ್ಟು ಮಾಡಿದ್ದಾರೆ.