ಚೆಫಲುವಿನ ಹರಕೆ

ಸಿಸಿಲಿ ದ್ವೀಪದ ಉತ್ತರ ಕರಾವಳಿಯಲ್ಲಿ, ಕಡಲಿಗೆ ಮುಖಮಾಡಿದ ಹೆಬ್ಬಂಡೆಯ ಬುಡದಲ್ಲಿದೆ ಚೆಫಲು. ಅಲ್ಲಿನ ಮಹಾದೇವಾಲಯ ಹರಕೆಯೊಂದರಿಂದ ಹುಟ್ಟಿತೆಂದು ಊರಿನವರ ನಂಬಿಕೆ. ನಾರ್ಮನ್ ಅರಸ ಎರಡನೆಯ ರೋಜರನ ಹಡಗು ಬಿರುಗಾಳಿಗೆ ಸಿಕ್ಕಿತಂತೆ. ಜೀವ ಉಳಿದರೆ ದಡ ಮುಟ್ಟಿದಲ್ಲೇ ದೇವಾಲಯ ಕಟ್ಟಿಸುತ್ತೇನೆಂದು ಅವನು ಲೋಕರಕ್ಷಕ ಯೇಸುವಿಗೆ ಹರಕೆ ಹೊತ್ತನಂತೆ. ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1131ರಲ್ಲಿ. ಈಗಲೂ ಆಗಸ್ಟ್ 6ರಂದು ಊರು ಲೋಕರಕ್ಷಕನ ಹಬ್ಬ ಆಚರಿಸುತ್ತದೆ.

ಒಳಗೆ ಉದ್ದನೆಯ ಗೋಡೆಗಳು ಬಹುಮಟ್ಟಿಗೆ ಬರಿದು. ಬಂಗಾರವೆಲ್ಲ ಬಲಿಪೀಠದ ಕಡೆಗೇ. ಗಾಜಿನ ಪದರಗಳ ನಡುವೆ ಚಿನ್ನದ ರೇಕು ಇಟ್ಟು ಮಾಡಿದ ಪುಟ್ಟ ಪುಟ್ಟ ಹರಳುಗಳ ಚಿತ್ರ. ಅದರ ಶಾಸನದಲ್ಲಿ 1148 ಎಂಬ ವರ್ಷವಿದೆ. ಅರ್ಧಗುಮ್ಮಟದ ತುಂಬ ಯೇಸುಸ್ವಾಮಿ. ಬಲಗೈ ಹರಸುತ್ತಿದೆ. ಎಡಗೈಯಲ್ಲಿ ತೆರೆದಿಟ್ಟ ಶುಭಸಂದೇಶದ ಪುಸ್ತಕ, ಒಂದು ಪುಟ ಗ್ರೀಕಿನಲ್ಲಿ, ಇನ್ನೊಂದು ಲ್ಯಾಟಿನ್‌ನಲ್ಲಿ: ‘ನಾನೇ ಜಗಜ್ಯೋತಿ’. ಹಣೆಯ ಮೇಲೆ ಎರಡು ಕುರುಳು ಇಳಿಬಿದ್ದಿವೆ. ಸರ್ವಶಕ್ತನ ಹಣೆಗೆ ಆ ಕುರುಳನ್ನಿಟ್ಟ ಕುಶಲಕರ್ಮಿ ಯಾರೋ, ಅವನ ಭಕ್ತಿ ದೊಡ್ಡದು. ಕೆಳಗೆ ಕೈಯೆತ್ತಿ ಪ್ರಾರ್ಥಿಸುವ ಮಾತೆ ಮರಿಯ, ನಾಲ್ವರು ಮಹಾದೂತರು, ಅವರ ಕೆಳಗೆ ಎರಡು ಸಾಲಿನಲ್ಲಿ ಯೇಸುವಿನ ಶಿಷ್ಯರಾದ ಪ್ರೇಷಿತರು.

ಸ್ವಾಮಿಯ ಚಿತ್ರದಡಿಯ ಲ್ಯಾಟಿನ್ ಸಾಲುಗಳಲ್ಲಿ ನನ್ನ ಮನಸ್ಸು ಸಿಕ್ಕಿಕೊಂಡಿತು. ಮನುಷ್ಯನನ್ನು ಮಾಡಿದವನೇ ಮನುಷ್ಯನಾದೆ, ಮಾಡಿದ್ದನ್ನು ಉದ್ಧರಿಸಿದೆ. ದೇಹ ತಳೆದು ದೇಹಗಳಿಗೆ, ದೇವರಾಗಿ ಹೃದಯಗಳಿಗೆ ತೀರ್ಪು ನೀಡುತ್ತೇನೆ ಎಂಬುದು ಅದರ ಸಾರ.

ಈ ಮಾತಿನ ಕೆಳಗೇ ಮಲಗಬೇಕೆಂದು ರೋಜರ್ ಬಯಸಿದ್ದ. 1145ರಲ್ಲಿ ಕಡುಗೆಂಪು ಪಾರ್ಫಿರಿ ಕಲ್ಲಿನ ಎರಡು ಶವಪೆಟ್ಟಿಗೆಗಳನ್ನು ಇಲ್ಲಿಗೆ ಕೊಟ್ಟಿದ್ದ. ಆದರೆ 1154ರಲ್ಲಿ ತೀರಿಕೊಂಡಾಗ ಅವನನ್ನು ರಾಜಧಾನಿ ಪಲೆರ್ಮೊದಲ್ಲಿ ಮಣ್ಣು ಮಾಡಿದರು. 1215ರಲ್ಲಿ ಮೊಮ್ಮಗ ಎರಡನೆಯ ಫ್ರೆಡ್ರಿಕ್ ಆ ಪೆಟ್ಟಿಗೆಗಳನ್ನೂ ಅಲ್ಲಿಗೇ ಸಾಗಿಸಿದ. ಹರಕೆ ಹೊತ್ತವನು ಹರಕೆಯ ದೇವಾಲಯದಲ್ಲಿಲ್ಲ. ಓದಿದಾಗ ಇದು ನನಗೆ ಅನ್ಯಾಯವೆಂದೇ ಅನ್ನಿಸಿತ್ತು. ಆ ಸಾಲುಗಳ ಎದುರು ನಿಂತಾಗ ಹಾಗನ್ನಿಸಲಿಲ್ಲ. ದೇಹ ಎಲ್ಲಿ ಮಲಗಿದರೇನು, ಹೃದಯ ನೋಡುವವನು ಹರಕೆಯನ್ನು ಸ್ವೀಕರಿಸಿಯಾಗಿದೆ. ಅವನ ಪುಸ್ತಕ ಬಂದವರಿಗೆಲ್ಲ ತೆರೆದೇ ಇದೆ.

ಮೊಣಕಾಲೂರಿದಾಗ ಮೊದಲು ರೋಜರನ ಆತ್ಮಶಾಂತಿಗಾಗಿ ಪ್ರಾರ್ಥಿಸಿದೆ. ನಮ್ಮ ಮನೆಯವರ ಹೆಸರುಗಳು ಆಮೇಲೆ ಬಂದವು.